ವೈನಿಯ ತಗಡು

ಮೊನ್ನೆ ನಮ್ಮ ಮನೆಯ ಮೀಟರ್ ಡಬ್ಬಿ ರಿಪೇರಿಗೆ ಬಂದ ಎಲೆಕ್ಟ್ರಿಷಿಯನ್ ಅದರ ಮುಚ್ಚಳ ತೆಗೆಯಲು ಹೋಗಿ ಬೆರಳು ಕೊಯ್ದುಕೊಂಡ. ಹೊಸ ಡಬ್ಬಿ, ಥಳಥಳಿಸುವ ಬಣ್ಣ, ಅಂಚು ಮಾತ್ರ ಬ್ಲೇಡಿನಂತೆ. ಅವನ ಬೆರಳಿಗೆ ಅರಿಸಿನ ಒತ್ತುತ್ತ, ‘ಇದನ್ನು ಮಾಡಿದವರು ನಮ್ಮ ವೈನಿಯ ಕೈಗೆ ಸಿಗಬೇಕಿತ್ತು’ ಎಂದೆ. ಅವನಿಗೆ ಅರ್ಥವಾಗಲಿಲ್ಲ. ನಿಮಗೂ ಆಗಿರಲಿಕ್ಕಿಲ್ಲ. ಸ್ವಲ್ಪ ಕೂತುಕೊಳ್ಳಿ, ಹೇಳುತ್ತೇನೆ.

ವೈನಿ ಎಂದರೆ ನಮ್ಮ ಕಡೆ ಅಣ್ಣನ ಹೆಂಡತಿ. ಹೆಸರು ಮಹಾನಂದಾ, ತವರು ಕಲಬುರಗಿ. ಅವರ ತಂದೆಗೆ ತಗಡಿನ ಟ್ರಂಕು ಮಾಡುವ ಅಂಗಡಿಯಿತ್ತು, ಅದರ ಹಿಂದೆಯೇ ಮನೆ. ಹೆಣ್ಣು ನೋಡಲು ಹೋದಾಗ ಸುತ್ತಿಗೆ ಸದ್ದಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಿಸುವಂತಿರಲಿಲ್ಲ. ಹುಡುಗಿ ಅಣ್ಣನನ್ನು ಏನೋ ಕೇಳಿದಳು. ಉಪ್ಪಿಟ್ಟು ತಿನ್ನುತ್ತಿದ್ದ ಅಣ್ಣ ಸುಮ್ಮನೆ ‘ಹೂಂ’ ಎಂದ. ಆಕೆ ಕೇಳಿದ್ದು, ‘ಮದುವಿ ಆದ ಮ್ಯಾಲೂ ನಾ ಕೆಲಸಾ ಮಾಡಬಹುದೇನ್ರಿ?’ ಎಂದು! ಆ ಒಂದು ಹೂಂಕಾರವನ್ನು ವೈನಿ ಮುಂದೆ ಎಷ್ಟು ಸಲ ಸಾಕ್ಷಿಗೆ ಎಳೆದು ತಂದರೋ ಲೆಕ್ಕವಿಲ್ಲ.

ಎಂಬತ್ತರ ದಶಕದಲ್ಲಿ ಬ್ಯಾಂಕಿನವರು ಅಣ್ಣನನ್ನು ನಾಸಿಕಕ್ಕೆ ವರ್ಗ ಮಾಡಿದರು. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ನಾನೂ ಅದೇ ಊರಿಗೆ ಬಂದೆ. ಮದುವೆಯಾಗದವನು, ಊಟ ಎಲ್ಲಿದೆಯೋ ಅಲ್ಲಿ ವಾಸ. ಅಣ್ಣನ ಮನೆಯ ಹೊರಕೋಣೆ ನನ್ನದಾಯಿತು. ವೈನಿ ಆ ಊರಿನ ರೂಢಿಯಂತೆ ಮೈದುನನಾದ ನನ್ನನ್ನು ‘ಭಾವಜಿ’ ಎನ್ನತೊಡಗಿದರು.

ಟಿವಿ ಮನೆಮನೆಗೆ ಬರುತ್ತಿದ್ದ ಕಾಲ ಅದು. ಟಿವಿಯ ಪಕ್ಕದಲ್ಲಿ, ಮದುಮಗನ ಪಕ್ಕ ಕೂತ ಸೋದರಮಾವನಂತೆ, ಒಂದು ಸ್ಟೆಬಿಲೈಜರ್ ಇರಲೇಬೇಕು. ವಿದ್ಯುತ್ತು ಏರಿಳಿದರೆ ತಡೆದುಕೊಳ್ಳಲು. ಒಂದು ದಿನ ನಮ್ಮದು ಕೆಟ್ಟಿತು. ಅಣ್ಣ ಒಳಗಿನ ತಂತಿ ನೋಡುತ್ತಿದ್ದರೆ ವೈನಿ ಹೊರಗಿನ ಡಬ್ಬಿಯನ್ನೇ ತಿರುಗಿಸಿ ತಿರುಗಿಸಿ ನೋಡಿದರು. ‘ಇದಕ್ಕಿಂತ ಚಲೋ ಡಬ್ಬಿ ನಾನs ಮಾಡತೀನಿ’ ಎಂದರು. ನಾವು ನಕ್ಕೆವು. ಮುಂದಿನ ದೀಪಾವಳಿಯ ಹೊತ್ತಿಗೆ ನಾಸಿಕದ ಕೈಗಾರಿಕಾ ಪ್ರದೇಶವಾದ ಸಾತಪುರದಲ್ಲಿ ಅರ್ಧ ಶೆಡ್ ಬಾಡಿಗೆಗೆ ಹಿಡಿದಿದ್ದರು. ತಗಡು ಕತ್ತರಿಸುವ ಒಂದು ಯಂತ್ರ, ಮಡಚುವ ಒಂದು ಯಂತ್ರ, ಕೈಯಿಂದ ತಿರುಗಿಸಿ ತೂತು ಹೊಡೆಯುವ ಒಂದು ಪ್ರೆಸ್, ಜೊತೆಗೆ ಕಾಶೀನಾಥ ಎಂಬ ಗಟ್ಟಿ ಕೈಯ ಕೆಲಸಗಾರ.

ಡಬ್ಬಿ ಹುಟ್ಟುವುದು ನೋಡಲು ಚೆಂದ. ಮಿಠಾಯಿಯ ರಟ್ಟಿನ ಪೆಟ್ಟಿಗೆಯನ್ನು ಬಿಚ್ಚಿ ಹಾಸಿದಂತೆ ತಗಡನ್ನು ಮೊದಲು ಚಪ್ಪಟೆಯಾಗಿ ಕತ್ತರಿಸುತ್ತಾರೆ. ಸ್ವಿಚ್ಚಿಗೆ, ತಂತಿಗೆ, ಗಾಳಿಗೆ ತೂತು ಹೊಡೆಯುತ್ತಾರೆ. ಆಮೇಲೆ ಮಡಿಕೆ. ಯಾವ ಮಡಿಕೆ ಮೊದಲು, ಯಾವುದು ಆಮೇಲೆ ಎಂಬುದು ತಪ್ಪಿದರೆ ಡಬ್ಬಿ ಯಂತ್ರದೊಳಗೇ ಸಿಕ್ಕಿಕೊಳ್ಳುತ್ತದೆ. ಭಾನುವಾರ ನಾನೂ ಹೋಗುತ್ತಿದ್ದೆ. ಒಂದು ಸಲ ಮಡಚಲು ಕೊಟ್ಟರು. ನಾನು ಮಾಡಿದ್ದು ಡಬ್ಬಿಯೂ ಅಲ್ಲ, ತಟ್ಟೆಯೂ ಅಲ್ಲ. ಅಂದಿನಿಂದ ಅಂಚಿಗೆ ಅರ ತಿಕ್ಕುವ ಕೆಲಸ ಮಾತ್ರ. ‘ಕಣ್ಣಿಂದ ನೋಡಬ್ಯಾಡ್ರಿ ಭಾವಜಿ, ಬೆರಳು ಆಡಸ್ರಿ. ಮಂದಿ ಮನ್ಯಾಗ ಮಕ್ಕಳಿರ್ತಾವ’ ಎನ್ನುತ್ತಿದ್ದರು. ಸೋಮವಾರ ನನ್ನ ಬೆರಳುಗಳಿಗೆ ಸುತ್ತಿದ ಬಟ್ಟೆಪಟ್ಟಿ ನೋಡಿ ಕಚೇರಿಯವರು, ಈತ ಬೆಕ್ಕು ಸಾಕಿದ್ದಾನೆ ಎಂದುಕೊಂಡಿದ್ದರು.

ಸಣ್ಣಪುಟ್ಟ ಕೆಲಸ ನಡೆದೇ ಇತ್ತು. ದೊಡ್ಡದು ಬಂದದ್ದು ಆಗ ಔರಂಗಾಬಾದ್ ಎನ್ನುತ್ತಿದ್ದ ಈಗಿನ ಸಂಭಾಜಿನಗರದಿಂದ. ಅಲ್ಲಿನ ಒಂದು ಕಾರ್ಖಾನೆ ಆಸ್ಪತ್ರೆಗಳಿಗೆ ವಿದ್ಯುತ್ ಉಪಕರಣ ಮಾಡುತ್ತಿತ್ತು. ಅದರ ಹೊರ ಡಬ್ಬಿಯ ನಮೂನೆ ತನ್ನಿ, ಒಪ್ಪಿಗೆಯಾದರೆ ವರ್ಷವಿಡೀ ಕೆಲಸ ಎಂದಿದ್ದರು. ವೈನಿ ಮತ್ತು ನಾನು ಬಸ್ಸು ಹತ್ತಿದೆವು. ಬಣ್ಣಕ್ಕೆ ಗೀರು ಬೀಳಬಾರದೆಂದು ಹಳೆಯ ರೇಷ್ಮೆ ಸೀರೆಯಲ್ಲಿ ಸುತ್ತಿದ ಡಬ್ಬಿ ವೈನಿಯ ತೊಡೆಯ ಮೇಲೆ. ಯೇವಲಾದಲ್ಲಿ ಹತ್ತಿದ ಹೆಂಗಸೊಬ್ಬಳು ಅದನ್ನು ಆಸೆಯಿಂದ ನೋಡಿ, ‘ಪೈಠಣಿ ಆಹೇ ಕಾ?’ ಎಂದಳು. ಆ ಊರಲ್ಲಿ ನೇಯುವ ದುಬಾರಿ ಪೈಠಣಿ ಸೀರೆಯೇ ಎಂದು ಕೇಳಿದ್ದು. ‘ತ್ಯಾಪೇಕ್ಷಾ ಭಾರೀ ಆಹೇ’, ಅದಕ್ಕಿಂತ ಭಾರೀ ಇದೆ, ಎಂದು ವೈನಿ ಸೀರೆ ಸರಿಸಿ ತಗಡು ತೋರಿಸಿದರು. ಇಡೀ ಬಸ್ಸು ನಕ್ಕಿತು.

ಕಾರ್ಖಾನೆಯಲ್ಲಿ ನಗು ಉಳಿಯಲಿಲ್ಲ. ಪರೀಕ್ಷೆ ಮಾಡುವ ದೇಶಪಾಂಡೆ ಸಾಹೇಬರು ಡಬ್ಬಿಯೊಳಗೆ ಟ್ರಾನ್ಸ್‌ಫಾರ್ಮರ್ ಕೂರಿಸಿ ಸ್ವಿಚ್ ಒತ್ತಿದರು. ‘ಗುಂಯ್…’ ಎಂದಿತು. ಮುಚ್ಚಳದ ಮೇಲೆ ಅಂಗೈ ಇಟ್ಟರೆ ಸುಮ್ಮನಾಗುವುದು, ತೆಗೆದರೆ ಮತ್ತೆ ಗುಂಯ್. ‘ರೋಗಿಯ ತಲೆಯ ಹತ್ತಿರ ಇಡುವ ವಸ್ತು ಇದು’ ಎಂದು ಅವರು ಮೆಲ್ಲಗೆ ಹಿಂದಿಯಲ್ಲಿ ಹೇಳಿದರು. ದಪ್ಪ ತಗಡು ಹಾಕಿದರೆ ತೂಕ ಹೆಚ್ಚುತ್ತದೆ, ವೈನಿಯ ಯಂತ್ರಕ್ಕೂ ಅದು ಮಡಿಯದು. ಮುಂದಿನ ವಾರ ಇನ್ನೊಂದು ನಮೂನೆ ತರಲು ಅವಕಾಶ ಕೊಟ್ಟರು, ಪರೀಕ್ಷಿಸಿಕೊಳ್ಳಲು ಒಂದು ಟ್ರಾನ್ಸ್‌ಫಾರ್ಮರನ್ನೂ ಕೊಟ್ಟರು.

ವಾಪಸಿನ ದಾರಿಯಲ್ಲಿ ವೈಜಾಪುರ ಬಂತು. ಅಲ್ಲಿ ಚಹಾಕ್ಕೆ ಇಳಿದಾಗ ವೈನಿ ಬಸ್ಸಿನ ಹೊರಮೈಯನ್ನು ಗೆಣ್ಣಿನಿಂದ ಬಡಿಯತೊಡಗಿದರು. ಕಂಡಕ್ಟರ್ ವಿಚಿತ್ರವಾಗಿ ನೋಡಿದ.

‘ಭಾವಜಿ, ಈ ತಗಡಿಗೆ ಉದ್ದಕ್ಕ ಏಣು ಯಾಕ ಎಬ್ಬಿಸ್ಯಾರ ಹೇಳ್ರಿ?’

‘ಚೆಂದ ಕಾಣಲಿ ಅಂತ.’

‘ಚೆಂದಕ್ಕಲ್ರಿ. ಸಪಾಟ ತಗಡು ಬಾರಸೂ ಹಲಗಿ ಇದ್ದಂಗ, ನಡಗಿ ಸದ್ದು ಮಾಡ್ತದ. ಅದಕ್ಕ ಒಂದು ಮಡಿಕಿ ಬಿದ್ರ ಬಿಗೀತದ. ನಮ್ಮಪ್ಪನ ಟ್ರಂಕಿನ ಮುಚ್ಚಳಕ್ಕೂ ಹಿಂಗೇ ಇರ್ತಿತ್ತು. ಥೂ, ಮೊದಲs ನೆನಪಾಗಬಾರದಾ!’

ಹುರುಪಿನಿಂದ ಮನೆಗೆ ಬಂದರೆ ಅಲ್ಲಿ ಅಣ್ಣ ಪೇಢೆಯ ಡಬ್ಬಿ ಹಿಡಿದು ನಿಂತಿದ್ದ. ಪ್ರಮೋಷನ್ ಆಗಿತ್ತು. ವರ್ಗವೂ ಆಗಿತ್ತು, ಅದೂ ಕಲಬುರಗಿಗೇ.

‘ನಿನ್ನ ತವರೂರಿಗೇ ಹಾಕ್ಯಾರ ನೋಡು! ಇನ್ನೇನ ಬೇಕು?’

‘ಭಾಳ ಚಲೋ ಆತು. ಹೋಗ್ರಿ’ ಎಂದರು ವೈನಿ.

‘ಹೋಗ್ರಿ ಅಂದ್ರ? ಹೋಗೂಣು ಅನ್ನು.’

‘ನಾ ಬರಂಗಿಲ್ರಿ. ಡಬ್ಬಿ ಇನ್ನೂ ಗುಂಯ್ ಅನ್ನಲಿಕ್ಕತ್ತದ.’

ಅಣ್ಣನ ಮುಖ ಇಳಿಯಿತು. ‘ಡಬ್ಬಿ ಹೆಚ್ಚೋ, ನಾ ಹೆಚ್ಚೋ?’

ವೈನಿ ಸಿಟ್ಟಾಗಲಿಲ್ಲ. ಅವನ ಎದುರು ಕೂತರು. ‘ನೀವು ಹೆಚ್ಚರಿ. ಆದ್ರ ಅಲ್ಲಿ ನಾ ಟ್ರಂಕಿನವರ ಮಗಳು, ಮ್ಯಾನೇಜರ ಹೆಂಡತಿ. ಇಲ್ಲಿ ಆ ಶೆಡ್ ನಂದು. ಅದನ್ನ ಬಿಟ್ಟು ಬಂದ್ರ ದಿನಾ ನಿಮ್ಮ ಮಾರಿ ನೋಡಿ ಅದs ನೆನಸಬೇಕಾಗತದ. ಅದು ನಿಮಗೂ ಬ್ಯಾಡ, ನನಗೂ ಬ್ಯಾಡ.’

ಮೂಲೆಯಲ್ಲಿ ಹೋಂವರ್ಕ್ ಮಾಡುತ್ತಿದ್ದ ಮಗಳು ಸುಧಾ ಮರಾಠಿಯಲ್ಲೇ, ‘ಬಾಬಾ, ರವಿವಾರೀ ಯೇಣಾರ ನಾ?’ ಎಂದು ಕೇಳಿಬಿಟ್ಟಳು. ಅಪ್ಪಾ, ಭಾನುವಾರ ಬರುತ್ತೀರಲ್ಲ ಎಂದು. ಅಣ್ಣ ಎದ್ದು ಹೊರಗೆ ಹೋದ. ಆ ಮೂವರಿಗೂ ಪೇಢೆ ತಿನ್ನುವ ಮನಸ್ಸಾಗಲಿಲ್ಲ. ನಾನು ಒಂದು ತಿಂದೆ, ಸುಳ್ಳು ಯಾಕೆ ಹೇಳಲಿ.

ಆ ವಾರ ಮನೆಯಲ್ಲಿ ಮಾತು ಕಡಿಮೆ, ಶೆಡ್ಡಿನಲ್ಲಿ ಸದ್ದು ಜಾಸ್ತಿ. ಮುಚ್ಚಳದ ಮೇಲೆ ಮೂಲೆಯಿಂದ ಮೂಲೆಗೆ ಎರಡು ತೆಳು ಮಡಿಕೆ ಹಾಕಿದರು. ಮೊದಲ ಮುಚ್ಚಳ ಸೊಟ್ಟಗಾಯಿತು. ಕಾಶೀನಾಥ ಒತ್ತಡ ಇಳಿಸಿ ಇನ್ನೊಂದು ಮಾಡಿದ. ಭಾನುವಾರ ಅದನ್ನು ಟ್ರಾನ್ಸ್‌ಫಾರ್ಮರ್ ಇದ್ದ ಡಬ್ಬಿಗೆ ಕೂರಿಸಿ ಸ್ವಿಚ್ ಒತ್ತುವಾಗ ಬಾಗಿಲಲ್ಲಿ ಅಣ್ಣ ನಿಂತಿದ್ದ. ಶೆಡ್ಡಿಗೆ ಅವನು ಬಂದದ್ದೇ ಅಪರೂಪ. ನಮಗೆಲ್ಲ ಸದ್ದು ನಿಂತಂತೆ ಕೇಳಿತು. ಅಣ್ಣ ಮಾತ್ರ ಹತ್ತಿರ ಬಂದು ಡಬ್ಬಿಗೆ ಕಿವಿ ಹಚ್ಚಿದ. ಪ್ರತಿ ಸೋಮವಾರ ಭಜನೆಯಲ್ಲಿ ತಬಲಾ ನುಡಿಸುವ ಕಿವಿ ಅದು.

‘ಇನ್ನೂ ಸಣ್ಣಗ ಅನ್ನಲಿಕ್ಕತ್ತದ’ ಎಂದ.

‘ಎಲ್ಲಿ?’

‘ಇಲ್ಲಿ, ಈ ಬಾಜೂಕ’ ಎಂದು ಗಾಳಿತೂತುಗಳಿದ್ದ ಬದಿಯ ಮೇಲೆ ಬೆರಳಿಟ್ಟ. ವೈನಿ ಅಲ್ಲಿ ಒತ್ತಿ ಹಿಡಿದರು. ಈಗ ನಿಂತಿತು ಎಂಬಂತೆ ಅವನು ತಲೆಯಾಡಿಸಿದ. ಇಬ್ಬರೂ ಹಾಗೆಯೇ ಸ್ವಲ್ಪ ಹೊತ್ತು ಒಂದೇ ಡಬ್ಬಿಯ ಮೇಲೆ ಕೈಯಿಟ್ಟು ನಿಂತಿದ್ದರು. ಕಾಶೀನಾಥನೂ ನಾನೂ ಚಹಾ ಕುಡಿಯಲು ಹೊರಗೆ ಹೋದೆವು.

ಬದಿಗೂ ಒಂದು ಏಣು ಎಬ್ಬಿಸಿದ ಡಬ್ಬಿ ಔರಂಗಾಬಾದಿಗೆ ಹೋಯಿತು. ಈ ಸಲ ವೈನಿಯ ಜೊತೆ ಅಣ್ಣ, ಹಿಂದಿನ ಸೀಟಿನಲ್ಲಿ ನಾನು. ದೇಶಪಾಂಡೆ ಸಾಹೇಬರು ತಾವೇ ಟ್ರಾನ್ಸ್‌ಫಾರ್ಮರಿನ ಕೆಳಗೆ ರಬ್ಬರ್ ತುಂಡು ಇಟ್ಟು ಸ್ವಿಚ್ ಒತ್ತಿದರು. ಏನೂ ಕೇಳಲಿಲ್ಲ. ಕರೆಂಟ್ ಹೋಯಿತೇ ಎಂದು ಅವರು ತಲೆಯೆತ್ತಿ ಫ್ಯಾನ್ ನೋಡಿದರು. ಫ್ಯಾನ್ ತಿರುಗುತ್ತಿತ್ತು. ವೈನಿ ಮೊದಲು ನೋಡಿದ್ದು ಸಾಹೇಬರನ್ನಲ್ಲ, ಅಣ್ಣನನ್ನು.

ಕೆಲಸ ವೈನಿಗೆ ಸಿಕ್ಕಿತು, ಅಣ್ಣ ಒಬ್ಬನೇ ಕಲಬುರಗಿಗೆ ಹೋದ. ರಜೆ ಸಿಕ್ಕಾಗಲೆಲ್ಲ ರೈಲು ಬದಲಿಸುತ್ತ ಬರುತ್ತಿದ್ದ. ಬಂದವನು ಮೊದಲು ಶೆಡ್ಡಿಗೆ ಹೋಗಿ ಡಬ್ಬಿಗಳಿಗೆ ಕಿವಿ ಹಚ್ಚುತ್ತಿದ್ದ. ಕೆಲವು ವರ್ಷಗಳ ನಂತರ ಕೇಳಿಕೊಂಡು ನಾಸಿಕಕ್ಕೇ ವರ್ಗವಾಗಿ ಬಂದ. ಅಷ್ಟರಲ್ಲಿ ಅರ್ಧ ಶೆಡ್ ಪೂರ್ತಿಯಾಗಿತ್ತು. ಟೆಲಿಫೋನ್ ಯಂತ್ರಗಳಿಗೂ ಅಲ್ಲಿಂದ ಡಬ್ಬಿ ಹೋಗತೊಡಗಿದ್ದವು. ನಮ್ಮ ನೆಂಟರು ಮಾತ್ರ ಯಾವ ಮದುವೆಯಲ್ಲಿ ಸಿಕ್ಕರೂ ಒಂದೇ ಪ್ರಶ್ನೆ ಕೇಳುತ್ತಿದ್ದರು. ಗಂಡ ಕಲಬುರಗಿಗೆ ಹೋದ ಮೇಲೆ ಆಕೆ ಅಲ್ಲೇ ಹಿಂದೆ ಉಳಿದದ್ದು ಯಾಕೆ? ಮಗಳ ಶಾಲೆ ಇತ್ತಲ್ಲ, ಎಂದು ನಾವು ಒಂದು ಸಿದ್ಧ ಉತ್ತರ ಇಟ್ಟುಕೊಂಡಿದ್ದೆವು.

ಹೋದ ತಿಂಗಳು ನಾಸಿಕಕ್ಕೆ ಹೋಗಿದ್ದೆ. ಶೆಡ್ ಈಗ ಸುಧಾಳ ಕೈಯಲ್ಲಿದೆ. ಕಲಬುರಗಿಯಿಂದ ಬಂದಿದ್ದ ನೆಂಟರೊಬ್ಬರು ಜಗಲಿಯಲ್ಲಿ ಕೂತು ಮತ್ತೆ ಅದೇ ಪ್ರಶ್ನೆ ಎತ್ತಿದರು. ಮಗಳ ಶಾಲೆ ಎನ್ನಲು ನಾನು ಬಾಯಿ ತೆರೆದೆ. ಅಣ್ಣ ಕೈಯೆತ್ತಿ ತಡೆದ.

‘ಅಕಿ ಎಲ್ಲಿ ಹಿಂದ ಉಳದಾಳ್ರಿ? ಅಕಿ ತನ್ನ ಜಾಗಾದಾಗs ಇದ್ಲು. ವರ್ಗ ಆದಾಂವ ನಾನು.’

ನೆಂಟರು ನಕ್ಕರು. ಇಷ್ಟು ವರ್ಷ ನಮಗೆ ಹೊಳೆಯದ ಉತ್ತರ ಎಷ್ಟು ಸಲೀಸಾಗಿತ್ತು! ಒಳಗಿನಿಂದ ವೈನಿಯ ದನಿ ಬಂತು. ‘ಮಾತು ಭಾಳ ಚಲೋ ಅದ. ಚಾ ಆರಲಿಕ್ಕತ್ತದ, ಕುಡೀರಿ ಮೊದಲ.’