ಆಯಿಯ ಬೆರಳು ನಿಂತ ಭಾಷೆ

ನನ್ನ ಕೆಲಸ ಏನು ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟು: ವೆಬ್‌ಸೈಟಿನ ಬಲಮೂಲೆಯಲ್ಲಿ ಒಂದು ಗುಂಡನೆಯ ಭೂಮಿಯ ಚಿತ್ರ ಇರುತ್ತದಲ್ಲ, ಒತ್ತಿದರೆ ಕೆಳಗೆ ಭಾಷೆಗಳ ಸಾಲು ಬೀಳುತ್ತದಲ್ಲ, ಆ ಭೂಮಿಯನ್ನು ಮಾಡುವವನು ನಾನು. ಬ್ರಹ್ಮನ ಕೆಲಸಕ್ಕಿಂತ ಸ್ವಲ್ಪ ಸಣ್ಣದು, ಆದರೆ ಶನಿವಾರ ಭಾನುವಾರ ರಜೆ. ಮಿಸಿಸಾಗದಲ್ಲಿ, ವಿಮಾನಗಳು ತಲೆ ಸವರಿಕೊಂಡೇ ಇಳಿಯುವ ಕಡೆ, ನಮ್ಮದೊಂದು ಪುಟ್ಟ ಕಂಪನಿ. ದವಾಖಾನೆಗಳಿಗೆ, ಹಲ್ಲಿನ ಡಾಕ್ಟರುಗಳಿಗೆ, ವಕೀಲರಿಗೆ ಸೈಟು ಮಾಡಿಕೊಡುತ್ತೇವೆ. ಸೈಟಿಗೆ ಬಂದವರು ತಮಗೆ ಬೇಕಾದ ಭಾಷೆಯಲ್ಲಿ ಓದಿಕೊಳ್ಳುವ ಹಾಗೆ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಇಂಟರ್‌ವ್ಯೂ ದಿನ ಎಷ್ಟು ಭಾಷೆ ಬರುತ್ತವೆ ಅಂತ ಕೇಳಿದಾಗ ಐದು ಅಂದುಬಿಟ್ಟಿದ್ದೆ. ನಿಜಕ್ಕೂ ಬರುವುದು ಎರಡೂವರೆ. ಉಳಿದದ್ದು ಬರೀ ದನಿ.

ದನಿ ಮಾತ್ರ ನನಗೆ ದೇವರು ಕೊಟ್ಟದ್ದು. ಬ್ಯಾಂಕಿನವರ ಜೊತೆ ಫೋನಿನಲ್ಲಿ ಮಾತಾಡುವಾಗ ಮೂಗಿಗೆ ಏರುವ ಅಪ್ಪನ ಇಂಗ್ಲಿಷು, ಬೆಂಗಳೂರಿನ ಆಂಟಿಯರ 'ಅಯ್ಯೋ, ಇನ್ನೊಂದ್ ಹೋಳಿಗೆ ಹಾಕಿಸ್ಕೊಳ್ಳಿ, ಸಂಕೋಚ ಪಟ್ಕೋಬೇಡಿ', ಸಂಜೆಯ ರೈಲಿನಲ್ಲಿ ಮುಂದಿನ ನಿಲ್ದಾಣ ಜಾರ್ಜ್‌ಟೌನ್ ಎಂದು ಹೇಳುವ ಹೆಂಗಸಿನ ನಿದ್ದೆಗಣ್ಣಿನ ದನಿ, ಎಲ್ಲವೂ ನನ್ನ ಗಂಟಲಲ್ಲಿ ಇವೆ. ಎಲ್ಲರಿಗಿಂತ ಚೆನ್ನಾಗಿ ಮಾಡುತ್ತಿದ್ದದ್ದು ಆಯಿಯನ್ನು. ಆಯಿ ಅಂದರೆ ಅಪ್ಪನ ಅವ್ವ. ಅಜ್ಜ ಹೋದ ಮೇಲೆ ಧಾರವಾಡದ ಮನೆ ಬಿಟ್ಟು ಸಮುದ್ರದಾಚೆಯ ಈ ಜಾರ್ಜ್‌ಟೌನಿಗೆ, ನಮ್ಮ ಜೊತೆ ಇರಲು ಬಂದಳು. ಅವಳೆದುರೇ ಅವಳ ಹಾಗೆ ಮಾತಾಡಿ ತೋರಿಸುತ್ತಿದ್ದೆ.

"ಏ ಮಂಗ್ಯಾ, ನಾ ಹಂಗ ಮಾತಾಡ್ತೇನೇನು?"

"ಹಂಗ ಮಾತಾಡ್ತಿ ಆಯಿ."

"ಹಂಗಾರ ಛಲೋನ ಮಾತಾಡ್ತೇನಿ ಬಿಡು."

ಇಂಥವಳ ಕಿಡ್ನಿ ಕೈಕೊಡತೊಡಗಿತು. ಓಕ್‌ವಿಲ್‌ನ ಕಿಡ್ನಿ ಕ್ಲಿನಿಕ್ಕಿಗೆ ಓಡಾಟ ಶುರುವಾಯಿತು. ಗಾಡಿ ಓಡಿಸುವವನು ನಾನು, ಒಳಗೆ ದುಭಾಷಿ ಅಪ್ಪ. ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು, ಒಂದೊಂದೇ ಮಾತು ಬಿಡಿಸಿ ಬಿಡಿಸಿ ಹೇಳುತ್ತಾರೆ. ಅವರು ಎಷ್ಟೋ ಹೊತ್ತು ಹೇಳಿದ್ದನ್ನೆಲ್ಲ ಕೇಳಿ ಅಪ್ಪ ಆಯಿಯ ಕಡೆ ತಿರುಗಿ, "ಏನಿಲ್ಲವ್ವಾ, ಗುಳಿಗಿ ಬದಲಿ ಮಾಡ್ಯಾರ" ಎನ್ನುತ್ತಿದ್ದ.

ಆಯಿ ಅವನ ಮುಖವನ್ನೇ ನೋಡುತ್ತಿದ್ದಳು. "ಇಷ್ಟೊತ್ತನಕ ಆಕಿ ಗುಳಿಗಿ ಹೆಸರ ಹೇಳಿದಳೇನು?"

"ಇಲ್ಲಿ ಗುಳಿಗಿ ಹೆಸರು ಉದ್ದ ಇರ್ತಾವವ್ವಾ."

ಮನೆಗೆ ಬಂದು ಇದನ್ನು ಎರಡೂ ದನಿಯಲ್ಲಿ ಮಾಡಿ ತೋರಿಸಿದರೆ ನನ್ನ ಅವ್ವ ಒಗ್ಗರಣೆ ಸೌಟು ಹಿಡಿದುಕೊಂಡೇ ನಗುತ್ತಿದ್ದಳು. ಆದರೆ ಎಲೆ ಉದುರುವ ಕಾಲಕ್ಕೆ ಕ್ಲಿನಿಕ್ಕಿಗೆ ಹೋಗಿದ್ದಾಗಿನ ಮಾತನ್ನು ನಾನು ಮಾಡಿ ತೋರಿಸಲಿಲ್ಲ. ಕಿಡ್ನಿ ಹೆಚ್ಚು ದಿನ ನಡೆಯುವುದಿಲ್ಲ, ಮುಂದೇನು ಎಂದು ತೀರ್ಮಾನಿಸುವ ಕಾಲ ಬಂದಿದೆ, ಮುಂದಿನ ಭೇಟಿಯ ಒಳಗೆ ನಮ್ಮ ವೆಬ್‌ಸೈಟಿನಲ್ಲಿ ಬರೆದಿರುವುದನ್ನು ಅವರು ಓದಲಿ, ಬೇರೆ ಬೇರೆ ದಾರಿಗಳಿವೆ, ಆಮೇಲೆ ಅವರಿಗೇನು ಬೇಕೋ ಹೇಳಲಿ ಅಂದಿದ್ದರು ಡಾಕ್ಟರು. ಅಪ್ಪ ಆಯಿಗೆ ಹೇಳಿದ್ದು, "ಸ್ವಲ್ಪ ದಿನದಾಗ ಮಷೀನಿಗೆ ಹಚ್ಚತಾರವ್ವಾ. ಎಲ್ಲಾರಿಗೂ ಹಚ್ಚತಾರ."

ಎರಡು ದಿನ ಬಿಟ್ಟು ಆಯಿ ನನ್ನನ್ನು ಕರೆದಳು. ಬಿಸಿಲು ಬೀಳುವ ಕಿಟಕಿಯ ಹತ್ತಿರ ಶಾಲು ಹೊದ್ದು ಕುಳಿತಿದ್ದಳು.

"ತಮ್ಮಾ, ನಿಮ್ಮಪ್ಪ ನನ್ನ ಮಗ. ಅಂವ ನಂಗ ಕೆಟ್ಟ ಸುದ್ದಿ ಹೇಳೂದಿಲ್ಲ, ಹೇಳಾಕ ಬಾಯಿ ಬರೂದಿಲ್ಲ ಅಂವಗ. ಆ ಡಾಕ್ಟರು ಏನೋ ಓದಾಕ ಹೇಳ್ಯಾರ, ಹೌದಿಲ್ಲೋ? ಆಕಿ ಕಂಪ್ಯೂಟರ್ ಕಡೆ ಕೈ ಮಾಡಿ ತೋರಿಸಿದ್ದು ನಾ ನೋಡೇನಿ. ನಂದು ನಾನ ಓದ್ತೇನಿ. ನಂಗ ಓದಾಕ ಬರೋಹಂಗ ಮಾಡಿಕೊಡು."

ಆ ಸೈಟು ಮಾಡಿದ್ದು ನಮ್ಮ ಕಂಪನಿಯೇ. ಮರುದಿನ ಬೆಳಿಗ್ಗೆ ಭಾಷೆಗಳ ಸಾಲು ತೆಗೆದು ನೋಡಿದೆ. ಪಂಜಾಬಿ ಇತ್ತು, ಉರ್ದು ಇತ್ತು, ಗುಜರಾತಿ, ತಮಿಳು, ಹಿಂದಿ, ಮರಾಠಿ ಎಲ್ಲ ಇದ್ದವು. ಕನ್ನಡ ಇರಲಿಲ್ಲ. ನನ್ನ ಮ್ಯಾನೇಜರಮ್ಮನ ಹತ್ತಿರ ಹೋಗಿ ಒಂದು ನಾಡಿಗೇ ಅವಮಾನವಾದವನ ಹಾಗೆ ಭಾಷಣ ಮಾಡಿದೆ. ಅವರು ತಮಿಳು ಮನೆಯವರು. ಪೂರ್ತಿ ಕೇಳಿ, "ಎಷ್ಟು ಜನ ಓದ್ತಾರೆ?" ಅಂದರು.

"ನನ್ನ ಅಜ್ಜಿ ಓದ್ತಾರೆ."

ಅವರು ನಗಲಿಲ್ಲ. ಕ್ಲಿನಿಕ್ಕಿನವರಿಗೆ ಫೋನು ಮಾಡಿ ಒಪ್ಪಿಸಿದರು.

ಅನುವಾದ ಬಂದಾಗ ನೋಡಿದರೆ ಕಿಡ್ನಿಗೆ 'ವೃಕ್ಕ' ಎಂದು ಬರೆದಿದ್ದರು. ಆಯಿಗೆ ಇದನ್ನು ಕೊಟ್ಟರೆ ವೃಕ್ಕದವರು ಯಾವ ಊರಿನವರು ಅಂತ ಕೇಳಿಯಾಳು. ಕೂತು ತಿದ್ದಿದೆ. ಧಾರವಾಡದ ಮಾತನ್ನೇ ಇಡಬೇಕೆಂದು ಕೈ ತುರಿಸುತ್ತಿತ್ತು, ಆದರೆ ಮಂಗಳೂರಿನವರೂ ಮೈಸೂರಿನವರೂ ಓದಬೇಕಲ್ಲ. ಆಯಿಯ ದನಿಯಲ್ಲಿ ಒಂದೊಂದೇ ವಾಕ್ಯ ಮನಸ್ಸಿನಲ್ಲೇ ಓದಿಸಿಕೊಂಡು, ಅವಳ ನಾಲಿಗೆಗೆ ತೊಡಕಾದದ್ದನ್ನೆಲ್ಲ ಕಿತ್ತು ಹಾಕಿದೆ. ಇಂಥ ಜಾಣತನ ಸಾಲದೆಂದು ಇನ್ನೊಂದು ಮಾಡಿದೆ. ಓದುವವರ ಫೋನು ಯಾವ ಭಾಷೆಯಲ್ಲಿದೆಯೋ ಅದನ್ನು ನೋಡಿಕೊಂಡು ಸೈಟು ತಾನಾಗಿಯೇ ಆ ಭಾಷೆಯಲ್ಲಿ ತೆರೆಯಬೇಕು, ಏನೂ ಕೇಳಬಾರದು. ವಯಸ್ಸಾದವರಿಗೆ ಒಂದು ಬಟನ್ನು ಕಡಿಮೆ ಮಾಡಿಕೊಟ್ಟರೆ ಅದೇ ಪುಣ್ಯ ಅಂತ ಮೀಟಿಂಗಿನಲ್ಲಿ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಮನೆಯ ಟ್ಯಾಬ್ಲೆಟ್ಟನ್ನು ಕನ್ನಡಕ್ಕೆ ತಿರುಗಿಸಿ, ಪುಟ ತೆರೆದು, ಆಯಿಯ ತೊಡೆಯ ಮೇಲೆ ಇಟ್ಟೆ.

ಅವಳು ಕನ್ನಡಕ ಹಾಕಿಕೊಂಡಳು. ಬೆರಳಿನಿಂದ ಮೆಲ್ಲಗೆ ಮೇಲೆ ಸರಿಸಿದಳು. ಒಂದು ಕಡೆ ನಿಲ್ಲಿಸಿದಳು, ಮತ್ತೆ ಸರಿಸಿದಳು.

"ಹೆಂಗೈತಿ ಆಯಿ?"

"ಅಕ್ಷರ ದುಂಡಗ ಅದಾವ. ಛಲೋ ಮಾಡೀದಿ."

"ಓದಿದೇನು?"

"ನೋಡಿದೆ."

ಆ 'ನೋಡಿದೆ'ಯನ್ನು ಅಡಿಗೆಮನೆಯಲ್ಲಿ ಅವ್ವನಿಗೆ ಮಾಡಿ ತೋರಿಸಿದೆ, ಕನ್ನಡಕ ಮಡಚುವ ರೀತಿ ಸಮೇತ. ಓದಿ ಮನಸ್ಸಿಗೆ ಬೇಜಾರಾಗಿರಬೇಕು, ಅದಕ್ಕೇ ಮಾತು ಮುಗಿಸಿದಳು ಎಂದು ಅವ್ವ ಅಂದಳು. ನನಗೂ ಹಾಗೇ ಅನ್ನಿಸಿತು.

ಮುಂದಿನ ಭೇಟಿಯ ದಿನ ಅಪ್ಪ ನಮ್ಮನ್ನು ಕ್ಲಿನಿಕ್ಕಿನ ಬಾಗಿಲಲ್ಲಿ ಇಳಿಸಿ ಗಾಡಿ ನಿಲ್ಲಿಸಲು ಹೋದ. ಅವತ್ತು ತಾನೇ ಓಡಿಸುತ್ತೇನೆ ಎಂದು ಹಟ ಹಿಡಿದಿದ್ದ, ಕೈಗೊಂದು ಕೆಲಸ ಬೇಕಿತ್ತು ಅಂತ ಕಾಣುತ್ತದೆ. ಒಳಗೆ ನರ್ಸು ಆಯಿಯ ಕೈಗೆ ಕ್ಲಿನಿಕ್ಕಿನದೇ ಟ್ಯಾಬ್ಲೆಟ್ಟು ಕೊಟ್ಟು, ಕರೆಯುವ ತನಕ ಇನ್ನೊಮ್ಮೆ ಓದಿಕೊಳ್ಳಲಿ ಎಂದಳು. ಅದನ್ನು ಬಂದವರೆಲ್ಲ ಮುಟ್ಟುವುದರಿಂದ ಅದು ಯಾರ ಭಾಷೆಯನ್ನೂ ಊಹಿಸುವ ಹಾಗಿಲ್ಲ. ಪ್ರತಿ ಸಲ ಮೊದಲು ಭಾಷೆ ಕೇಳುತ್ತದೆ. ಒಂದೊಂದು ಭಾಷೆಯ ಹೆಸರೂ ಅದರದೇ ಲಿಪಿಯಲ್ಲಿ, ಒಂದರ ಕೆಳಗೊಂದು. ಕನ್ನಡ ಒತ್ತಲು ನಾನು ಕೈ ಚಾಚಿದೆ.

"ತಡಿ," ಅಂದಳು ಆಯಿ. ಅವಳ ಬೆರಳು ಮೇಲಿನಿಂದ ಒಂದೊಂದೇ ಹೆಸರು ದಾಟಿಕೊಂಡು ಬಂತು. ಕನ್ನಡವನ್ನು ದಾಟಿತು. ಮರಾಠಿಯ ಮೇಲೆ ನಿಂತು, ಒತ್ತಿತು.

"ಆಯಿ, ತಪ್ಪಿತು. ಕೊಡು ಇಲ್ಲಿ."

"ತಪ್ಪಿಲ್ಲ. ಕೈ ತಗಿ."

ಆಮೇಲೆ ಅವಳು ಓದತೊಡಗಿದಳು. ತುಟಿ ಅಲುಗಿಸಿ, ಸಣ್ಣಗೆ ಕೇಳುವಷ್ಟು ಗಟ್ಟಿಯಾಗಿ, ಎಲ್ಲೂ ತಡವರಿಸದೆ. ಸಾಲೆಯಲ್ಲಿ ಎದ್ದು ನಿಂತು ಪಾಠ ಓದುವ ಹುಡುಗಿಯ ದನಿ ಅದು. ಅವಳ ಕೆಮ್ಮು, ಅವಳ ನಿಟ್ಟುಸಿರು, ಅವಳ ಸಿಟ್ಟು ಎಲ್ಲ ಬರುತ್ತವೆ ಅಂತ ಮೆರೆಯುತ್ತಿದ್ದ ನಾನು ಈ ದನಿಯನ್ನು ಒಮ್ಮೆಯೂ ಕೇಳಿರಲಿಲ್ಲ.

ಖಾನಾಪುರದ ಆಚೆ ಅವಳ ತವರು. ಮನೆಯಲ್ಲಿ ಆಡುವುದು ಕನ್ನಡ, ಊರಲ್ಲಿ ಇದ್ದದ್ದು ಒಂದೇ ಮರಾಠಿ ಸಾಲೆ. ಆ ಸೀಮೆಯಲ್ಲಿ ಇದೇನೂ ಅಪರೂಪವಲ್ಲ. ಆದರೆ ಅವಳು ಮದುವೆಯಾಗಿ ಬಂದದ್ದು ಧಾರವಾಡಕ್ಕೆ. ಅಲ್ಲಿ ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅವಳು ದಿನಾ ಓದುವ ಸ್ತೋತ್ರದ ಪುಸ್ತಕ, ಲಿಪಿ ಒಂದೇ ಆದ್ದರಿಂದ, ಸಂಸ್ಕೃತ ಎಂದುಕೊಂಡೇ ಅಪ್ಪ ದೊಡ್ಡವನಾದ. ಅದರಲ್ಲಿ ಅರ್ಧ ಮರಾಠಿಯೇ ಇತ್ತಂತೆ.

ಓದುತ್ತ ಓದುತ್ತ ಆಯಿಯ ವೇಗ ಕಡಿಮೆಯಾಯಿತು. ಕ್ಲಿನಿಕ್ಕಿಗೆ ಬಂದು ರಕ್ತ ಶುದ್ಧಿ ಮಾಡುವ ಮಷೀನಿಗೆ ಹಚ್ಚಿಸಿಕೊಳ್ಳುವುದು. ಮನೆಯಲ್ಲೇ ಹೊಟ್ಟೆಗೆ ನಳಿಕೆ ಹಾಕಿಸಿಕೊಂಡು ಅದೇ ಕೆಲಸ ಮಾಡಿಕೊಳ್ಳುವುದು. ಇಲ್ಲವೇ ಎರಡೂ ಬೇಡವೆಂದು, ಔಷಧ ಮತ್ತು ಆರೈಕೆಯಲ್ಲಿ, ಇರುವಷ್ಟು ದಿನ ಇರುವುದು. ಈ ಮೂರನೆಯದನ್ನು ಅವಳು ಎರಡು ಸಲ ಓದಿದಳು. ಕೊನೆಯ ಸಾಲು ನನಗೂ ತಿಳಿಯಿತು. "ಹಾ ನಿರ್ಣಯ ತುಮ್ಚಾ ಆಹೆ." ಈ ತೀರ್ಮಾನ ನಿಮ್ಮದು.

ಅಪ್ಪ ಬಂದು ನಮ್ಮ ಹಿಂದೆ ನಿಂತಿದ್ದು ನಾನು ನೋಡಿರಲಿಲ್ಲ.

"ಅವ್ವಾ. ಏನಿದು?"

"ಮರಾಠಿ."

"ಕನ್ನಡ ಹಚ್ಚಿಕೊಟ್ಟಿದ್ನಲ್ಲ ಇಂವ."

"ನಂಗ ಕನ್ನಡ ಓದಾಕ ಬರೂದಿಲ್ಲ."

ಅಪ್ಪ ಪಕ್ಕದ ಕುರ್ಚಿಯಲ್ಲಿ ಕುಳಿತ. "ಅಪ್ಪಗ ಗೊತ್ತಿತ್ತೇನು?" ಅಂದ.

"ಗೊತ್ತಿಲ್ಲದ ಏನು. ದಿನಾ ಮುಂಜಾನೆ ಪೇಪರ್ ಯಾರ ಓದಿ ಹೇಳ್ತಿದ್ರು ಮತ್ತ?"

"ಕಣ್ಣು ಮಂಜಾಗ್ಯಾವ ಅಂತಿದ್ದಿ ನೀ."

"ನಿಮ್ಮ ಮುಂದ ಹಂಗ ಅಂತಿದ್ದೆ. ಅವರು ಕಲಿಸ್ತೇನಿ ಅಂದ್ರು ಒಮ್ಮೆ, ಪಾಟಿ ಬಳಪಾನೂ ತಂದಿದ್ರು. ನಾನ ಒಲ್ಲೆ ಅಂದೆ. ಕಲತಿದ್ರ ಪೇಪರ್ ನನ್ನ ಕೈಯಾಗ ಕೊಟ್ಟು ಎದ್ದು ಹೋಗ್ತಿದ್ರು."

ಇದನ್ನು ಹೇಳುವಾಗ ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ. ಟ್ಯಾಬ್ಲೆಟ್ಟನ್ನು ಮಗನ ಕಡೆ ತಿರುಗಿಸಿ ಬೆರಳಿಟ್ಟು ತೋರಿಸಿದಳು.

"ಇಲ್ಲಿ ಮೂರು ಹಾದಿ ಬರದಾರ. ನೀ ನಂಗ ಒಂದ ಹೇಳಿದ್ದಿ."

ಅಪ್ಪ ಅವಳ ಬೆರಳಿದ್ದ ಸಾಲನ್ನು ನೋಡಿದ.

"ಇರಲಿ. ಮಗ ಅಂದಮ್ಯಾಲ ಹಂಗ ಮಾಡ್ತಾನ. ಆದ್ರ ಇದು ನಂದೈತಿ."

ಮುಂದಿನ ವಾರ ಆಫೀಸಿನಲ್ಲಿ ನನ್ನ ಜಾಣತನವನ್ನೆಲ್ಲ ನಾನೇ ಅಳಿಸಿದೆ. ಈಗ ಆ ಸೈಟು ಫೋನು ನೋಡಿ ಊಹಿಸುವುದಿಲ್ಲ, ಮೊದಲು ಕೇಳುತ್ತದೆ. ಒಂದು ಬಟನ್ನು ಹೆಚ್ಚಾಯಿತಲ್ಲ ಎಂದರು ಮ್ಯಾನೇಜರು. ಆಗಲಿ ಅಂದೆ. ಕನ್ನಡವನ್ನೂ ತೆಗೆಯಲಿಲ್ಲ. ಅದನ್ನು ಯಾರೋ ಓದುತ್ತಾರೆ, ಯಾರು ಅಂತ ನಾನು ಲೆಕ್ಕ ಹಾಕಲು ಹೋಗುವುದಿಲ್ಲ.

ಅವತ್ತು, ಮರಾಠಿ ಓದಿದ ದಿನ, ಡಾಕ್ಟರ ಕೋಣೆಯಲ್ಲಿ ಆಯಿ ಕುರ್ಚಿಯ ತುದಿಯಲ್ಲಿ ನೆಟ್ಟಗೆ ಕುಳಿತಳು. ಓದಿದ್ದೀರಾ ಎಂದು ಡಾಕ್ಟರು ಕೇಳಿದ್ದನ್ನು ಅಪ್ಪ ಹೇಳುವ ಮೊದಲೇ ತಲೆಯಾಡಿಸಿದಳು.

"ವಾರಕ್ಕ ಮೂರು ದಿನ ಇಲ್ಲಿ ಬಂದು ಮಲಗೂದು ನಂಗ ಬ್ಯಾಡ. ಹೊಟ್ಟಿಗೆ ನಳಿಗಿ ಹಾಕೂದೂ ಬ್ಯಾಡ. ಮೂರನೇದು ಇರಲಿ ಅಂತ ಹೇಳು ಆಕಿಗೆ."

ಅಪ್ಪ ಬಾಯಿ ತೆರೆದ, ಹೇಳಲಿಲ್ಲ. ಡಾಕ್ಟರು ಕಾದರು. ನಾನು ಹೇಳೋಣವೆಂದು ಮುಂದಕ್ಕೆ ಬಾಗಿದೆ. ಆಯಿ ನನ್ನ ಮೊಣಕಾಲ ಮೇಲೆ ಕೈ ಇಟ್ಟಳು.

"ನೀ ಸುಮ್ಮನಿರು. ಅಂವ ಹೇಳ್ಲಿ."

ಅಪ್ಪ ಹೇಳಿದ. ಮೂಗಿಗೆ ಏರದ, ಸಾದಾ ಇಂಗ್ಲಿಷಿನಲ್ಲಿ, ಒಂದು ಮಾತನ್ನೂ ಬಿಡದೆ. ಅದರಿಂದ ಏನಾಗುತ್ತದೆ ಎಂಬುದು ಅವರಿಗೆ ತಿಳಿದಿದೆಯೇ ಎಂದು ಡಾಕ್ಟರು ಕೇಳಿದರು. ಅವನು ತನ್ನ ಅವ್ವನ ಕಡೆ ತಿರುಗಿದ.

"ಅವ್ವಾ, ಹಿಂಗ ಮಾಡಿದ್ರ ನಿನ್ನ ದಿನಾ ಕಡಿಮಿ ಆಗ್ತಾವ ಅಂತಾರ. ಅದು ನಿಂಗ ತಿಳದೈತೇನು ಅಂತ ಕೇಳಾಕತ್ತಾರ."

"ಓದೇನಿ. ತಿಳದೈತಿ. ನೋವು ಆಗ್ತೈತೇನು, ಅದನ್ನ ಕೇಳು."

ಅದನ್ನೂ ಕೇಳಿದ. ದಣಿವು ಹೆಚ್ಚಾಗುತ್ತದೆ, ಕಾಲು ಬಾತುಕೊಳ್ಳುತ್ತವೆ, ಮೈ ತುರಿಸಬಹುದು, ನೋವಾದರೆ ಕಡಿಮೆ ಮಾಡಲು ಔಷಧ ಇದೆ, ನರ್ಸು ಮನೆಗೇ ಬರುತ್ತಾಳೆ, ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಹೇಳಬಹುದು ಎಂದರು ಡಾಕ್ಟರು. ಅಷ್ಟನ್ನೂ ಅಪ್ಪ ಇದ್ದದ್ದು ಇದ್ದ ಹಾಗೆ ಆಯಿಗೆ ಹೇಳಿದ. ನಡುವೆ ಒಮ್ಮೆ ನಿಂತು ನೀರು ಕುಡಿದ.

"ಆತು," ಅಂದಳು ಆಯಿ. "ಇನ್ನೊಂದು ಕೇಳು. ಕಿಡ್ನಿಗೆ ಆಗೂದಿಲ್ಲಂತ ಬಾಳಿಹಣ್ಣು ತಿನ್ನೂದು ಬಿಡಿಸ್ಯಾರಲ್ಲ, ಈಗ ತಿನ್ನಬಹುದೇನು?"

ಡಾಕ್ಟರಿಗೆ ನಗು ಬಂತು, ನಗು ಬಂದದ್ದಕ್ಕೆ ಸಂಕೋಚವೂ ಆಯಿತು. ಯಾವಾಗಾದರೂ ಒಮ್ಮೆ, ಅರ್ಧ, ಎಂದರು.

ಹೊರಗೆ ಊರಂಚಿನ ದೊಡ್ಡ ಸರೋವರದ ಕಡೆಯಿಂದ ಚಳಿ ಗಾಳಿ ಬೀಸುತ್ತಿತ್ತು. ದಾರಿಯಲ್ಲಿ ಅಪ್ಪ ಯಾರನ್ನೂ ಕೇಳದೆ ಒಂದು ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದ, ಇಳಿದು ಹೋದ. ಬರುವಾಗ ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. ಆಯಿ ಹಿಂದಿನ ಸೀಟಿನಲ್ಲಿ ಒಂದನ್ನು ಸುಲಿದಳು, ನಡುವೆ ಮುರಿದಳು. ಅರ್ಧ ತಾನು ಇಟ್ಟುಕೊಂಡು ಉಳಿದ ಅರ್ಧವನ್ನು ಮುಂದಿನ ಎರಡು ಸೀಟಿನ ನಡುವೆ ಚಾಚಿದಳು. ಅಪ್ಪ ಸ್ಟಿಯರಿಂಗ್ ಹಿಡಿದುಕೊಂಡು ಮುಂದಕ್ಕೇ ನೋಡುತ್ತಿದ್ದ, ಗಾಡಿ ಇನ್ನೂ ಶುರು ಮಾಡಿರಲಿಲ್ಲ.

"ಹಿಡಿ," ಅಂದಳು. "ಕರ್ರಗಾಗ್ತೈತಿ."

ಅವನು ಕೈಗವಸು ಬಿಚ್ಚಿ, ಹಣ್ಣು ತೆಗೆದುಕೊಂಡ.