ಟೆರೇಸಿನ ಮೇಲೊಂದು ಮತದಾನ

ಎಂ.ಎ.ಗೆ ರಾಜ್ಯಶಾಸ್ತ್ರ ತೆಗೆದುಕೊಂಡಾಗ ಅಪ್ಪ ಸಿಟ್ಟಾಗಲಿಲ್ಲ, ಪೇಪರು ಮಡಚಿಟ್ಟು ಕೆಲಸಕ್ಕೆ ಹೊರಟರು. ಬಾಗಲಕೋಟೆಯಿಂದ ಬಂದು ಮುಂಬೈ ಬಳಿಯ ಕಲ್ಯಾಣದ ಬಟ್ಟೆ ಅಂಗಡಿಯೊಂದರಲ್ಲಿ ಮ್ಯಾನೇಜರ್ ಆಗಿದ್ದ ಅವರಿಗೆ ಮಗಳು ಬ್ಯಾಂಕಿನಲ್ಲಿ ಕೂರಬೇಕೆಂಬ ಆಸೆ. ನನಗೋ ಎಲ್ಲಿಯೂ ಕೂರಲಾಗದು. ನಮ್ಮ ಮನೆಯಿದ್ದ ಡೊಂಬಿವಲಿಯಿಂದ ಯೂನಿವರ್ಸಿಟಿಗೆ ಹೋಗುವ ಲೋಕಲ್ ರೈಲಿನಲ್ಲಿ ಸೀಟು ಸಿಕ್ಕರೂ ಬಾಗಿಲ ಬಳಿಯೇ ನಿಲ್ಲುತ್ತಿದ್ದೆ. ಪ್ರಾತಿನಿಧ್ಯ, ಸಮ್ಮತಿ ಎಂದೆಲ್ಲ ಪಾಠ ಕೇಳಿ ಹೊರಬಂದರೆ, ಇದನ್ನೆಲ್ಲ ಒಯ್ದು ಎಲ್ಲಿಡುವುದು ಎಂಬ ತಳಮಳ. ಸಂಜೆ ವಿಠ್ಠಲವಾಡಿಯ ಟ್ಯೂಷನ್ ಕ್ಲಾಸಿನಲ್ಲಿ ನಾಗರಿಕಶಾಸ್ತ್ರ ಕಲಿಸುತ್ತಿದ್ದೆ. ಪರೀಕ್ಷೆಗೆ ಬರುವುದಷ್ಟೇ ಹೇಳಿ ಸಾಕು ಎನ್ನುತ್ತಿದ್ದರು ಅದರ ಮಾಲೀಕರು.

ಎಂ.ಎ.ಯ ಕೊನೆಯ ವರ್ಷ ನಮ್ಮ ಹಳೆಯ ಬಿಲ್ಡಿಂಗನ್ನು ಕೆಡವಿ ಹೊಸದು ಕಟ್ಟಿಸುವ ಮಾತು ಬಂತು. ಅಲ್ಲಿನ ಮನೆಮಾಲೀಕರ ಸೊಸೈಟಿಯ ಚೇರ್ಮನ್ ಉಡುಪಿ ಕಡೆಯವರು, ಥಾಣೆಯಲ್ಲಿ ಹೋಟೆಲ್ ನಡೆಸಿದವರು, ಅಪ್ಪನ ಆಪ್ತ ಗೆಳೆಯರು. ಅವರ ಬೆಳಗಿನ ಕಾಫಿ ನಮ್ಮ ಮನೆಯಲ್ಲೇ. ಬಿಲ್ಡರನನ್ನು ಅವರೇ ಗೊತ್ತುಮಾಡಿದ್ದರು. ಭಾನುವಾರ ಟೆರೇಸಿನ ಮೇಲೆ ಸಭೆ ಕರೆದು, ಒಪ್ಪಿಗೆಯಿದ್ದವರು ಕೈ ಎತ್ತಿ ಎಂದರು. ಈ ಬಿಲ್ಡರ್ ಬೇರೆ ಕಡೆ ಅರ್ಧ ಕಟ್ಟಿ ಬಿಟ್ಟಿದ್ದಾನೆಂದು ಹಿಂದಿನ ವಾರವಷ್ಟೇ ಅಮ್ಮನ ಬಳಿ ಅತ್ತಿದ್ದ ಕೆಳಮನೆಯ ವಿಧವೆ, ಚೇರ್ಮನ್ನರ ಮುಖ ನೋಡಿ ಮೆಲ್ಲಗೆ ಕೈ ಎತ್ತಿದರು.

ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, ಕೈ ಎತ್ತುವುದು ಬೇಡ, ಗುಪ್ತವಾಗಿ ಚೀಟಿ ಹಾಕಿಸಿ ಎಂದೆ.

ಚೇರ್ಮನ್ ನಕ್ಕರು. "ಅಡಗಿಸಿ ಹಾಕ್ಲಿಕ್ಕೆ ಇದೇನು ಕಳ್ಳತನವಾ ಮಾರಾಯ್ತಿ? ನಾವೆಲ್ಲ ಒಂದೇ ಮನೆಯವರಲ್ವಾ?"

ಇವಳು ಮೆಂಬರ್ರೇ ಅಲ್ಲ ಎಂದು ಯಾರೋ ಹಿಂದಿಯಲ್ಲಿ ಗೊಣಗಿದರು. ಅದು ನಿಜವೇ. ನಾನು ಕೂರಲು ಹೊರಟಾಗ, ಪಕ್ಕದಲ್ಲಿದ್ದ ಅಪ್ಪ ಎದ್ದರು. ಗೆಳೆಯನ ಕಡೆ ನೋಡದೆ, ನೆಲ ನೋಡುತ್ತ ಹೇಳಿದರು:

"ನಾ ಮೆಂಬರ್ ಇದ್ದೀನಲ್ಲ. ನಾ ಹೇಳ್ತೀನಿ, ಚೀಟಿ ಹಾಕೋಣು."

ಚೇರ್ಮನ್ನರ ನಗು ಅಲ್ಲೇ ನಿಂತಿತು. ಸ್ಟೀಲಿನ ಡಬ್ಬಿಯಲ್ಲಿ ಚೀಟಿ ಬಿದ್ದವು, ಎಲ್ಲರೆದುರೇ ಎಣಿಸಿದರು. ಕೆಲವೇ ಮತಗಳಿಂದ ಆ ಬಿಲ್ಡರ್ ಬೇಡವೆಂದಾಯಿತು.

ಮನೆಗೆ ಬಂದವಳೇ ಅಪ್ಪನಿಗೆ ಯಾವ ಕಡೆ ಹಾಕಿದಿರಿ ಎಂದು ಕೇಳಿದೆ.

"ಗುಪ್ತ ಇರಬೇಕು ಅಂತ ನೀನ ಹೇಳಿದ್ದಿ. ಈಗ ನೀನ ಕೇಳ್ತಿಯಲ್ಲ," ಎಂದು ಅಂಗಿ ಕಳಚಿ ಗೂಟಕ್ಕೆ ಹಾಕಿದರು.

ಮರುದಿನ ಚೇರ್ಮನ್ ಕಾಫಿಗೆ ಬರಲಿಲ್ಲ. ಆಮೇಲೂ ಬರಲಿಲ್ಲ. ಅದಕ್ಕೆ ಅಪ್ಪ ನನ್ನನ್ನು ದೂರಲಿಲ್ಲ. ಅದೇ ನನ್ನನ್ನು ಹೆಚ್ಚು ಕಾಡಿತು. ಸರಿಯಾದದ್ದನ್ನೇ ಮಾಡಿದೆನೆಂದು ನನಗೆ ನಾನೇ ಹೇಳಿಕೊಳ್ಳುತ್ತ ಸಂಜೆಯೆಲ್ಲ ಸ್ಟೇಷನ್ ರಸ್ತೆಯಲ್ಲಿ ಗೊತ್ತುಗುರಿಯಿಲ್ಲದೆ ತಿರುಗುತ್ತಿದ್ದೆ.

ಸುದ್ದಿ ಹೇಗೋ ಪಕ್ಕದ ಬಿಲ್ಡಿಂಗಿಗೆ ಹೋಯಿತು. ಸಭೆ ನಡೆಸುವುದು ಹೇಗೆಂದು ಹೇಳಿಕೊಡಲು ಅವರು ಕರೆದರು, ಆಮೇಲೆ ಇನ್ನೊಬ್ಬರು. ಹಾಗೆ ಹೋಗಿ ಹೋಗಿ ಇಂದು ಥಾಣೆಯ ಪುಟ್ಟ ಸಂಸ್ಥೆಯೊಂದರಲ್ಲಿ ಅದೇ ನನ್ನ ನೌಕರಿ. ಬೇರೊಬ್ಬ ಬಿಲ್ಡರ್ ನಮ್ಮ ಕಟ್ಟಡ ಏಳಿಸುತ್ತಿದ್ದಾನೆ. ಅಲ್ಲಿಯವರೆಗೆ ನಾವು ಕಾಮೋಠೆಯಲ್ಲಿ ಬಾಡಿಗೆಗಿದ್ದೇವೆ, ಚೇರ್ಮನ್ ಘಣಸೋಲಿಯಲ್ಲಿ.

ಈಚೆಗೆ ಒಂದು ಪಕ್ಷದವರು ಮನೆಗೆ ಬಂದು, ಮಹಾನಗರಪಾಲಿಕೆ ಚುನಾವಣೆಗೆ ನಿಲ್ಲುತ್ತೀರಾ ಎಂದು ಕೇಳಿ ಹೋದರು. ಅವರು ಮೆಟ್ಟಿಲಿಳಿದ ಮೇಲೆ ಅಪ್ಪ ಟಿವಿಯ ಸದ್ದು ತಗ್ಗಿಸಿದರು.

"ನಿಲ್ತೀಯೇನು?"

ಗೊತ್ತಿಲ್ಲ ಅಪ್ಪ ಎಂದೆ. ಕೂತು ಯೋಚಿಸಲಾಗದೆ ಚಪ್ಪಲಿ ಮೆಟ್ಟಿ ಹೊರಗೆ ನಡೆದೆ.