ರಿವ್ಯೂ ಬರಲಿ ಎಂದವನು

ಸಾವೊ ಸೀಮೆಯವರ ಬಗ್ಗೆ ಫಿನ್‌ಲೆಂಡಿನ ಉದ್ದಗಲಕ್ಕೂ ಒಂದು ಮಾತಿದೆ: ಸಾವೊದವನು ಬಾಯಿ ತೆರೆದನೆಂದರೆ ಹೊಣೆಯೆಲ್ಲ ಕೇಳಿಸಿಕೊಂಡವನ ತಲೆಗೆ. ಇಲ್ಲಿ ಯಾರೂ ಹೌದು ಅನ್ನುವುದಿಲ್ಲ, ಇಲ್ಲ ಅನ್ನುವುದೂ ಇಲ್ಲ. “ಇದ್ರೂ ಇರಬಹುದು, ಇಲ್ಲದೇನೂ ಇರಬಹುದು” ಅನ್ನುತ್ತಾರೆ. ಮನೆಗೆ ಬೆಂಕಿ ಬಿದ್ದರೂ “ಯಾಕೋ ಇವತ್ತು ಸ್ವಲ್ಪ ಬೆಚ್ಚಗಿದೆಯಲ್ಲ” ಎಂದು ಮಾತು ಶುರುಮಾಡುವ ಜನ. ಹೊರಗಿನವರು ಇದನ್ನು ಹೇಳಿ ನಗುತ್ತಾರೆ, ಇಲ್ಲಿಯವರೂ ನಗುತ್ತಾರೆ. ಎನ್ಸಿಯೊ ಲೌಕ್ಕನೆನ್ ಕೂಡ ಹುಟ್ಟಿದಾಗಿನಿಂದ ನಕ್ಕವನೇ. ಈಗ ಯಾರಾದರೂ ಆ ಮಾತೆತ್ತಿದರೆ ಎದ್ದು ಹೋಗಿ ಕಿಟಕಿಯ ಹತ್ತಿರ ನಿಲ್ಲುತ್ತಾನೆ.

ಸುಲ್ಕಾವಾ ಊರಲ್ಲಿ ಎನ್ಸಿಯೊನನ್ನು ಅರಿಯದವರಿಲ್ಲ. ಅವನ ಅಪ್ಪ ಚರ್ಚಿನ ಕೆಳಗಿನ ಬೀದಿಯಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದ. ಮಗನ ಕಾಲಕ್ಕೆ ಅದು ಟಿವಿ ಅಂಗಡಿಯಾಯಿತು, ಆಮೇಲೆ ಕಂಪ್ಯೂಟರ್ ಅಂಗಡಿಯಾಯಿತು. ಒಂದು ಕ್ರಿಸ್‌ಮಸ್ ಕಾಲದಲ್ಲಿ ಎನ್ಸಿಯೊ ಕಂಪನಿಯವನೊಬ್ಬನ ಬಣ್ಣದ ಮಾತು ನಂಬಿ, ಆಗತಾನೇ ಬಂದಿದ್ದ ಹೊಸ ಮಾದರಿಯ ಕಂಪ್ಯೂಟರುಗಳನ್ನು ಊರ ತುಂಬ ಮಾರಿದ. ಚಳಿಗಾಲ ಕಳೆಯುವುದರೊಳಗೆ ಒಂದೊಂದಾಗಿ ಎಲ್ಲವೂ ಕೆಟ್ಟು ಕೂತವು. ಪಾಪ, ಹಿಮದಲ್ಲಿ ಮಕ್ಕಳ ಜಾರುಬಂಡಿ ಎಳೆದುಕೊಂಡು ಮನೆಮನೆಗೂ ಹೋದ, ಕ್ಷಮಿಸಿ ಅಂದ, ಡಬ್ಬಗಳನ್ನು ಹೇರಿಕೊಂಡು ಬಂದ. ಅವತ್ತು ಕಿವಿ ಹಿಂಡಿಕೊಂಡವನು ಮತ್ತೆ ಎಂದೂ ಹೊಸ ವಸ್ತುವನ್ನು ಮೊದಲ ದಿನ ಮುಟ್ಟಲಿಲ್ಲ. ಯಾರು ಏನು ಕೇಳಿದರೂ ಒಂದೇ ಉತ್ತರ: “ರಿವ್ಯೂ ಬರಲಿ.”

ಅಂಗಡಿ ಮುಚ್ಚಿದ ಮೇಲೂ ಜನ ಕೇಳುವುದು ಬಿಡಲಿಲ್ಲ. ಲೈಬ್ರರಿಯಲ್ಲಿ, ಪೆಟ್ರೋಲ್ ಬಂಕಿನ ಕಾಫಿ ಮೇಜಿನಲ್ಲಿ, ಹೆಣ ಮಣ್ಣುಮಾಡಿ ಬಂದ ಊಟದ ಮನೆಯಲ್ಲೂ ಕೇಳುವವರು. ಅವನು ಹುಬ್ಬು ಗಂಟಿಕ್ಕಿ, ರಿವ್ಯೂ ಬರಲಿ ಅನ್ನುವನು. “ಮದುವೆಗೂ ರಿವ್ಯೂ ಕಾದ್ಕೊಂಡು ಕೂತ, ಹಾಗೇ ಬ್ರಹ್ಮಚಾರಿ ಆಗಿ ಉಳ್ಕೊಂಡ” ಎಂದು ಹಿಂದಿನಿಂದ ಆಡಿಕೊಳ್ಳುತ್ತಿದ್ದರು. ಮುಂದೆಯೇ ಆಡಿದರೂ ಅವನಿಗೆ ಬೇಸರವಿರಲಿಲ್ಲ. ನಿಜ ಹೇಳಬೇಕೆಂದರೆ, ತನ್ನನ್ನು ಕೇಳದೆ ಊರಲ್ಲಿ ಒಂದು ವೈರೂ ಬದಲಾಗುವುದಿಲ್ಲ ಎಂಬುದು ಅವನಿಗೆ ಒಳಗೊಳಗೇ ಹಿಗ್ಗು. ಆ ಹಿಗ್ಗೇ ಅವನ ಕಿವಿ ಮುಚ್ಚಿತು ಎಂದು ಈಗ ಅವನೇ ಅಂದುಕೊಳ್ಳುತ್ತಾನೆ.

ಅವನ ಗೆಳೆಯ ಓಯ್ವಾ, ಊರವರು ಕೆರೆ ಅನ್ನುವ ಸೈಮಾ ಸರೋವರದ ಆಚೆಯವನು, ಇವನಿಗಿಂತ ಐದಾರು ವರ್ಷ ದೊಡ್ಡವನು. ಬೇಸಿಗೆಯಲ್ಲಿ ಕಾಡ್ಗಿಚ್ಚು ಕಾಯುವ ಚಿಕ್ಕ ವಿಮಾನ ಹಾರಿಸುತ್ತಿದ್ದವನು ಅವನು. ಒಣಹವೆ ಬಿದ್ದಾಗ ಸರೋವರದ ಮೇಲೆ ಸುತ್ತು ಹೊಡೆದು, ಎಲ್ಲಾದರೂ ಹೊಗೆ ಕಂಡರೆ ಕೆಳಗಿನವರಿಗೆ ತಿಳಿಸುವುದು. ಸೈಮಾ ಸರೋವರದ ನಡುಗಡ್ಡೆಗಳು ಅವನಿಗೆ ಅಂಗೈಗೆರೆ. ವಯಸ್ಸಾಯಿತು, ಹಾರಾಟ ನಿಂತಿತು. ಎನ್ಸಿಯೊ ಅವನಿಗೊಂದು ಕಂಪ್ಯೂಟರ್ ಜೋಡಿಸಿ, ವಿಮಾನ ಹಾರಿಸುವ ಆಟ ಹಾಕಿಕೊಟ್ಟ. ಓಯ್ವಾ ದಿನಾ ಬೆಳಿಗ್ಗೆ ಕಾಫಿ ಮುಗಿಸಿ ಹೋಗಿ ಕೂತು, ತನ್ನ ಹಳೇ ದಾರಿಯಲ್ಲೇ ಹಾರುವನು. ಹೆಂಡತಿ ಹಿಲ್ಕಾ ಅಡುಗೆಮನೆಯಿಂದ “ಬೆಂಕಿ ಸಿಕ್ತಾ?” ಎಂದು ಕೂಗುವಳು. “ಇವತ್ತಿಲ್ಲ.” ಆದರೆ ಆ ಹಳೇ ಯಂತ್ರದಲ್ಲಿ ಸರೋವರವೆಂದರೆ ಒಂದು ನೀಲಿ ಚಾಪೆ, ಕಾಡೆಂದರೆ ಅದರ ಮೇಲೆ ಹಸಿರು ಕಲೆ. ಓಯ್ವಾ ಉಳಿದದ್ದನ್ನು ನೆನಪಿನಿಂದ ತುಂಬಿಕೊಳ್ಳುತ್ತಿದ್ದ.

ಕಳೆದ ಆಗಸ್ಟ್ ಕೊನೆಯ ಶನಿವಾರ, ಎಂದಿನಂತೆ ಇಬ್ಬರೂ ಓಯ್ವಾನ ಸೌನಾದಲ್ಲಿ, ಅಂದರೆ ಹಬೆಸ್ನಾನದ ಕೋಣೆಯಲ್ಲಿ, ಕೂತಿದ್ದರು. ಬಿಸಿ ಕಲ್ಲಿನ ಮೇಲೆ ಓಯ್ವಾ ಒಂದು ಸೌಟು ನೀರು ಹೊಯ್ದ. ಹಬೆ ಇಳಿಯುವವರೆಗೂ ಇಬ್ಬರೂ ತಲೆ ತಗ್ಗಿಸಿ ಕೂತರು.

“ಆ ಹೊಸ ಗ್ರಾಫಿಕ್ಸ್ ಕಾರ್ಡು ಬರ್ತಾ ಇದೆಯಂತಲ್ಲ,” ಅಂದ ಓಯ್ವಾ, ಗೋಡೆಗೆ ಹೇಳುವವನ ಹಾಗೆ.

“ಬರ್ತಾ ಇದ್ರೂ ಇರಬಹುದು.”

“ನಾಳೆಯಿಂದ ಮುಂಗಡ ಬುಕ್ಕಿಂಗ್ ತೆರೀತಾರಂತೆ.”

“ತೆರೀಲಿ. ಅಂಗಡಿಯವರಿಗೆ ಬಾಗಿಲು ತೆರೆಯೋದೇ ಕೆಲಸ.”

“ಅದನ್ನ ಹಾಕಿದ್ರೆ ನಮ್ಮ ಕೆರೆ ಇದ್ದ ಹಾಗೇ ಕಾಣುತ್ತಂತೆ. ಒಂದೊಂದು ನಡುಗಡ್ಡೆ, ಒಂದೊಂದು ದೋಣಿಮನೆ.”

“ಅಂತ ಮಾರೋನು ಹೇಳ್ತಾನೆ. ನಮ್ಮನೆ ಮೊಸರು ಹುಳಿ ಅಂತ ಯಾರು ಹೇಳ್ಕೋತಾರೆ ಮಾರಾಯ?”

ಓಯ್ವಾ ಮತ್ತೊಂದು ಸೌಟು ಹೊಯ್ದ. “ಅಲ್ಲ, ನೋಡೋಕೆ ಏನಾದ್ರೂ ಇರೋವಾಗ್ಲೇ ನೋಡಿಬಿಟ್ರೆ ಚೆನ್ನಾಗಿತ್ತು ಅಂತ.”

“ಕೆರೆ ಎಲ್ಲಿಗೆ ಓಡಿಹೋಗುತ್ತೋ? ಹಿಮಯುಗ ಮುಗಿದಾಗಿನಿಂದ ಅಲ್ಲೇ ಬಿದ್ಕೊಂಡಿದೆ.”

“ಕೆರೆ ಎಲ್ಲಿಗೂ ಹೋಗಲ್ಲ,” ಅಂದ ಓಯ್ವಾ.

ಎನ್ಸಿಯೊ ನಕ್ಕ. ತನ್ನ ಮಾತು ಚೆನ್ನಾಗಿ ಬಂತು ಅನ್ನಿಸಿತ್ತು ಅವನಿಗೆ.

ಸೌನಾ ಮುಗಿಸಿ ಜಗಲಿಯಲ್ಲಿ ಕೂತಾಗ ಓಯ್ವಾ ಕಾಫಿ ಬಗ್ಗಿಸಿದ. ಅರ್ಧ ಕಪ್ಪಿಗೆ ಬಿತ್ತು, ಅರ್ಧ ಮೇಜಿಗೆ. ಎನ್ಸಿಯೊ ಏನೂ ಆಗಿಲ್ಲವೆಂಬಂತೆ ಟವೆಲಿನಿಂದ ಒರೆಸಿ, ನೀರಿನ ಕಡೆ ಮುಖ ತಿರುಗಿಸಿಕೊಂಡ. ನಮ್ಮಲ್ಲಿ ಮರ್ಯಾದೆಯೆಂದರೆ ಇದೇ: ಇನ್ನೊಬ್ಬರ ಕೈ ನಡುಗಿದರೆ, ಕಣ್ಣಲ್ಲಿ ನೀರು ಬಂದರೆ ನಾವು ಕೆರೆ ನೋಡುತ್ತೇವೆ. ಆ ಮರ್ಯಾದೆಗಿಷ್ಟು ಬೆಂಕಿ ಹಾಕ!

“ಈ ವರ್ಷ ಕತ್ತಲೆ ನನಗೆ ಬೇಗ ಬರೋ ಹಾಗಿದೆ,” ಅಂದ ಓಯ್ವಾ.

“ಎಲ್ರಿಗೂ ಅಷ್ಟೇ ಕಣೋ. ಆಗಸ್ಟ್ ಮುಗೀತಲ್ಲ.”

“ಹಾಗಾದ್ರೆ ನೀನು ಏನಂತೀಯಾ? ಕಾರ್ಡಿನ ವಿಷಯ?”

“ರಿವ್ಯೂ ಬರಲಿ. ಕಾದು ಸತ್ತವರು ಯಾರೂ ಇಲ್ಲ.”

ಓಯ್ವಾ ಹೂಂ ಅಂದ. ಗೆಳೆಯನ ಮಾತು ಮೀರಿ ಅವನು ಒಂದು ಮೊಳೆಯನ್ನೂ ಕೊಂಡವನಲ್ಲ. ಬುಕ್ ಮಾಡಲಿಲ್ಲ.

ಸೆಪ್ಟೆಂಬರಿನಲ್ಲಿ ರಿವ್ಯೂಗಳು ಬಂದವು. ಎಲ್ಲರೂ ಹಾಡಿ ಹೊಗಳಿದ್ದೇ ಹೊಗಳಿದ್ದು. ಎನ್ಸಿಯೊ ಗೆದ್ದವನಂತೆ ಫೋನು ಹಚ್ಚಿ “ಈಗ ತಗೋ, ಕಣ್ಣು ಮುಚ್ಕೊಂಡು ತಗೋ” ಅಂದ. ಯಾವ ಮಾತು ಬಾಯಿಂದ ಬಂತೆಂದು ಅವನಿಗೆ ಆಗ ಗೊತ್ತಿರಲಿಲ್ಲ. ಆದರೆ ತಗೊಳ್ಳುವುದೆಲ್ಲಿ? ಮುಂಗಡ ಬುಕ್ ಮಾಡಿದವರ ಮನೆಗಷ್ಟೇ ಕಾರ್ಡು ಹೋಗಿತ್ತು, ಅಂಗಡಿಗಳೆಲ್ಲ ಬರಿದು. ಮುಂದಿನದು ವಸಂತಕ್ಕೆ ಬಂದರೆ ಬಂತು. “ಹೋಗ್ಲಿ ಬಿಡು, ಬರೋದು ಬರುತ್ತೆ,” ಅಂದ ಓಯ್ವಾ. ಎನ್ಸಿಯೊಗೆ ಸ್ವಲ್ಪ ಪೆಚ್ಚಾಯಿತು. ಆದರೂ ಬೆಳೆದವರಿಗೆ ಆಟದ ಸಾಮಾನು ಚಳಿಗಾಲ ಕಳೆದು ಬಂದರೆ ಏನು ಮುಳುಗಿಹೋಯಿತು ಎಂದು ಸಮಾಧಾನ ಮಾಡಿಕೊಂಡ.

ನವೆಂಬರಿನಲ್ಲಿ ಔಷಧಿ ಅಂಗಡಿಯ ಮುಂದೆ ಹಿಲ್ಕಾ ಕಾರು ನಿಲ್ಲಿಸುತ್ತಿದ್ದಳು. ನಾಲ್ಕು ಸಲ ಹಿಂದೆ ಮುಂದೆ ಮಾಡಿ, ಕೊನೆಗೆ ಅಡ್ಡಡ್ಡ ನಿಲ್ಲಿಸಿ ಇಳಿದಳು. ಯಾವಾಗಲೂ ಓಯ್ವಾನೇ ಓಡಿಸುತ್ತಿದ್ದ ಕಾರನ್ನು ಹಿಲ್ಕಾ ಓಡಿಸುವುದನ್ನು ಎನ್ಸಿಯೊ ಬೇಸಿಗೆಯಿಂದಲೂ ನೋಡಿದ್ದ. ಮರ್ಯಾದೆಯಿಂದ ಕೇಳಿರಲಿಲ್ಲ.

“ಕಾರು ಓಡಿಸೋಕೆ ಕಲೀತಾ ಇದೀಯಾ ಈ ವಯಸ್ಸಲ್ಲಿ?” ಎಂದು ತಮಾಷೆ ಮಾಡಿದ.

ಹಿಲ್ಕಾ ಅವನ ಮುಖವನ್ನೇ ನೋಡಿದಳು. “ನಿನಗೆ ನಿಜವಾಗ್ಲೂ ಗೊತ್ತಿಲ್ವಾ ಎನ್ಸಿಯೊ? ಅವನ ಒಂದು ಕಣ್ಣು ಹೋದ ವರ್ಷವೇ ಹೋಯ್ತು. ಇನ್ನೊಂದಕ್ಕೂ ಅದೇ ರೋಗ. ಚುಚ್ಚುಮದ್ದು ನಾಟಲಿಲ್ಲ. ಜೂನ್‌ನಲ್ಲೇ ಡಾಕ್ಟರು ಹೇಳಿದ್ರು, ಕ್ರಿಸ್‌ಮಸ್ ಹೊತ್ತಿಗೆ ನಡುಭಾಗ ಪೂರ್ತಿ ಮುಚ್ಚುತ್ತೆ, ಅಂಚಲ್ಲಿ ಮಾತ್ರ ನೆರಳು ನೆರಳಾಗಿ ಉಳಿಯುತ್ತೆ ಅಂತ. ಈಗ್ಲೇ ಮುಚ್ಚಿಬಿಟ್ಟಿದೆ. ನನ್ನ ಮುಖವೂ ಕಾಣಲ್ಲ ಅವನಿಗೆ.”

“ಅಯ್ಯೋ! ನನಗೆ ಯಾಕೆ ಹೇಳ್ಲಿಲ್ಲ?”

“ಹೇಳಿದೆ ಅಂದ. ಸೌನಾದಲ್ಲಿ ಹೇಳಿದೆ, ಜಗಲಿಯಲ್ಲಿ ಮತ್ತೆ ಹೇಳಿದೆ, ಆದ್ರೂ ಎನ್ಸಿಯೊ ಕಾದು ನೋಡು ಅಂದ, ಅವನು ಅಂದ್ಮೇಲೆ ಏನೋ ಕಾರಣ ಇರುತ್ತೆ ಅಂತ ಬಂದು ಮಲಗಿದ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಎನ್ಸಿಯೊಗೆ ಹಗುರಾಗುತ್ತಿತ್ತು.

ಅವನು ಮನೆಗೆ ನಡೆದುಬಂದ. ದಾರಿಯುದ್ದಕ್ಕೂ ಆ ಶನಿವಾರದ ಮಾತುಗಳು ಒಂದೊಂದಾಗಿ ಮೇಲೆದ್ದು ಬಂದವು. ನೋಡೋಕೆ ಏನಾದ್ರೂ ಇರೋವಾಗ್ಲೇ. ಕೆರೆ ಎಲ್ಲಿಗೂ ಹೋಗಲ್ಲ. ಕತ್ತಲೆ ನನಗೆ ಬೇಗ. ನನಗೆ ಅಂದಿದ್ದನಲ್ಲ, ಬಾಯಿಬಿಟ್ಟು ನನಗೆ ಅಂದಿದ್ದನಲ್ಲ! ಇನ್ನು ಹೇಗೆ ಹೇಳಬೇಕಿತ್ತು, ತಮಟೆ ಬಾರಿಸಬೇಕಿತ್ತೆ? ಕಾರ್ಡು ಸರಿಯಿಲ್ಲದಿದ್ದರೆ ಹಿಂದಿರುಗಿಸುವ ಕಾನೂನೂ ಇತ್ತು. ಊರಿಗೆಲ್ಲ ಅದನ್ನು ಹೇಳಿಕೊಟ್ಟವನೇ ಇವನು. ಕಳೆದುಕೊಳ್ಳುವುದಕ್ಕೆ ಏನೂ ಇರಲಿಲ್ಲ. ಒಂದು ಸಲ, ಒಂದೇ ಒಂದು ಸಲ, ಯಾಕೋ ಅಷ್ಟು ಅವಸರ ಎಂದು ಕೇಳಿದ್ದರೆ ಸಾಕಿತ್ತು. ನಾಲಿಗೆ ಬಿದ್ದುಹೋಗಿತ್ತೇ? ತನ್ನ ಬಗ್ಗೆ ಅವನಿಗೆ ಹೇಸಿಗೆಯಾಯಿತು. ತಾಳಿದವನು ಬಾಳಿಯಾನು ಎನ್ನುತ್ತಾರೆ, ಸರಿ. ಯಾರ ಪಾಲಿನ ಕಾಲವನ್ನು ಯಾರು ತಾಳುತ್ತಿದ್ದಾರೆ ಎಂದು ಗಾದೆ ಕಟ್ಟಿದವರು ಹೇಳಿಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಕಣ್ಣಂಚಿನಲ್ಲಿ ಉಳಿದ ನೆರಳಿನಲ್ಲಾದರೂ ಓಯ್ವಾನಿಗೆ ಕಂಡೀತೇನೋ ಎಂಬ ಆಸೆಯಿಂದ ಎನ್ಸಿಯೊ ಕಂಡಕಂಡವರಿಗೆ ಫೋನು ಮಾಡಿ, ಮಿಕ್ಕೆಲಿ ಪೇಟೆಯಲ್ಲಿ ಆ ಕಾರ್ಡನ್ನು ಮುಂಗಡ ಬುಕ್ ಮಾಡಿ ಪಡೆದ ಒಬ್ಬನನ್ನು ಹುಡುಕಿ ತೆಗೆದ. ಮರುದಿನವೇ ಹೋಗಿ ಅವನ ಬಾಗಿಲಲ್ಲಿ ನಿಂತು, ಜನ್ಮದಲ್ಲಿ ಮೊದಲ ಸಲ ಸುತ್ತು ಬಳಸದೆ ಕೇಳಿದ: “ನನ್ನ ಸ್ನೇಹಿತ ಕುರುಡಾಗ್ತಾ ಇದಾನೆ. ನನ್ನ ತಪ್ಪಿಂದ ಅವನಿಗೆ ಇದು ಸಿಗಲಿಲ್ಲ. ಕೊಡ್ತೀಯಾ?” ಆ ಮನುಷ್ಯ ತಬ್ಬಿಬ್ಬಾಗಿ ಯಂತ್ರದಿಂದ ಕಾರ್ಡನ್ನು ಬಿಚ್ಚಿದ. “ಇಲ್ಲೇ ಒಂದು ಸಲ ಹಾಕಿ ನೋಡ್ಕೋತೀರಾ? ಸರಿಯಾಗಿದೆಯಾ ಅಂತ?” ಎಂದು ಕೇಳಿದ್ದಕ್ಕೆ “ಬೇಡ ಬೇಡ, ಹೊತ್ತಿಲ್ಲ” ಎಂದು ಎನ್ಸಿಯೊ ಅದನ್ನು ಕೋಟಿನೊಳಗೆ ಇಟ್ಟುಕೊಂಡು ಓಡಿದ.

ಆ ಮಧ್ಯಾಹ್ನವೇ ಓಯ್ವಾನ ಮನೆಯಲ್ಲಿ ಕಾರ್ಡು ಜೋಡಿಸಿದ್ದಾಯಿತು. ಹಿಲ್ಕಾ ಹೊರಗೆ ಸಲಿಕೆಯಿಂದ ಹಿಮ ಬಾಚುತ್ತಿದ್ದಳು. ಓಯ್ವಾ ಪರದೆಯ ಮುಂದೆ ಕೂತು ತಲೆಯನ್ನು ಆ ಕಡೆ ವಾಲಿಸಿ ನೋಡಿದ, ಈ ಕಡೆ ವಾಲಿಸಿ ನೋಡಿದ. ಆಮೇಲೆ ಎದ್ದು, ಕುರ್ಚಿ ತಡವಿ ಎನ್ಸಿಯೊ ಕಡೆ ತಳ್ಳಿದ.

“ನೀನೇ ಹಾರಿಸು. ನನಗೆ ಬರೀ ಬೆಳಕು ಅಲ್ಲಾಡ್ತಿದೆ.”

ಎನ್ಸಿಯೊ ವಿಮಾನ ಎಬ್ಬಿಸಿದ. ಕಾಡು ಕೆಳಗಿಳಿಯಿತು, ಸರೋವರ ಬಿಚ್ಚಿಕೊಂಡಿತು. “ಅಬ್ಬಾ!” ಎಂದ ಅವನು, ತನಗೇ ತಿಳಿಯದೆ. ಬಂಡೆಯ ಮೇಲೆ ಒಂಟಿ ಪೈನ್ ಮರ ನಿಂತಿತ್ತು, ಅದರ ನೆರಳು ನೀರಿನಲ್ಲಿತ್ತು.

“ಹೇಗಿದೆ?” ಅಂದ ಓಯ್ವಾ.

“ಪರವಾಗಿಲ್ಲ. ಹಳೇದರ ಹಾಗೇ. ಅಂಥ ವ್ಯತ್ಯಾಸ ಏನಿಲ್ಲ ಮಾರಾಯ, ಸುಮ್ನೆ ಹೊಗಳಿದಾರೆ.”

“ಮತ್ತೆ ಅಬ್ಬಾ ಅಂದಿದ್ದು ಯಾಕೆ?”

ಎನ್ಸಿಯೊ ವಿಮಾನವನ್ನು ಬಲಕ್ಕೆ ವಾಲಿಸಿದ.

“ಹೇಳು ಎನ್ಸಿಯೊ. ನಮ್ಮ ಭಾಷೆಯಲ್ಲಿ ಬೇಡ, ನೆಟ್ಟಗೆ ಹೇಳು. ಏನು ಕಾಣ್ತಾ ಇದೆ?”

ಎನ್ಸಿಯೊ ನೆಟ್ಟಗೆ ಹೇಳಿದ. ಬಂಡೆ, ಪೈನ್ ಮರ, ಜೊಂಡಿನ ನಡುವೆ ದೋಣಿ ಹೋಗುವ ಸಂದು, ಬೇಲಿಯ ಗೂಟಗಳು, ಚರ್ಚಿನ ಗೋಪುರ. “ನಿನ್ನ ಮನೆ ಕಾಣ್ತಿದೆ ಕಣೋ. ಸೌನಾದ ಮಾಡು ಕಾಣ್ತಿದೆ, ಮುಂದಿನ ಬರ್ಚ್ ಮರಗಳು ಒಂದೊಂದೂ ಬೇರೆ ಬೇರೆ ಕಾಣ್ತಿವೆ.”

ಹೊರಗೆ ಹಿಲ್ಕಾಳ ಸಲಿಕೆ ಕಲ್ಲಿಗೆ ತಾಗಿ ಸದ್ದಾಯಿತು.

“ಸೆಪ್ಟೆಂಬರಿನಲ್ಲಿ ಬಂದಿದ್ರೆ ನನಗೆ ಕಾಣ್ತಿತ್ತಾ?”

ಕಾಣುತ್ತಿದ್ದರೂ ಇರಬಹುದು, ಇಲ್ಲದೆಯೂ ಇರಬಹುದು ಅನ್ನಬಹುದಿತ್ತು. ಸಾವೊದಲ್ಲಿ ಹುಟ್ಟಿದವನು ಹಾಗೆಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ಓಯ್ವಾನೂ ಹೂಂ ಅಂದು ಸುಮ್ಮನಾಗುತ್ತಿದ್ದ.

“ಕಾಣ್ತಿತ್ತು,” ಅಂದ ಎನ್ಸಿಯೊ.

ಓಯ್ವಾ ತಲೆಯಾಡಿಸಿದ. ಪಕ್ಕದ ಸ್ಟೂಲನ್ನು ಕಾಲಿನಿಂದ ಹುಡುಕಿ ಎಳೆದುಕೊಂಡು ಅದರ ಮೇಲೆ ಕೂತ, ಗೆಳೆಯನ ಭುಜಕ್ಕೆ ಭುಜ ತಾಗುವಷ್ಟು ಹತ್ತಿರ.

“ಎಡಕ್ಕೆ ತಿರುಗಿಸು,” ಅಂದ. “ಸ್ವಲ್ಪ ಕೆಳಗೆ ಇಳಿಸು. ಹೇಳ್ತಾ ಇರು, ನಿಲ್ಲಿಸಬೇಡ.”